ಖಜಾನೆ ಮತ್ತು ಮುದ್ರೆ: ಸಿರಸಂಗಿ–ಕಿತ್ತೂರು ಪರಿಸರದಿಂದೊಂದು ನೋಟ

ರಾಜಕೀಯ ಅಸ್ಥಿರತೆಯ ಕಾಲದಲ್ಲಿ ಖಜಾನೆಗೆ ಕನ್ನಗಳ್ಳನಿಗಿಂತ ಅಧಿಕಾರದ ಮುದ್ರೆಯೇ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಕಿತ್ತೂರು ನಿದರ್ಶನವಾಗಿದೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡೊಡನೆ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಅಲ್ಲಗಳೆದು, ಭಂಡಾರಕ್ಕೆ ಮುದ್ರೆಯೊತ್ತಿಸಿ ಕಾವಲಿಟ್ಟನು. ರಾಣಿ ಚೆನ್ನಮ್ಮ ಇದನ್ನು ಒಡೆತನದ ಅಪಹರಣವೆಂದೇ ಗ್ರಹಿಸಿದಳೆನ್ನಬೇಕು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಹತನಾದನು.

ಇದೇ ಸೀಮೆಯ ಸಿರಸಂಗಿಯ ಲಿಂಗರಾಜ ದೇಸಾಯಿಯವರು ದೇಸಗತಿಯ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ನೆರವಿಗೆ ಮೀಸಲಿರಿಸಿ 1906ರಲ್ಲಿ ನಿಧನರಾದರು. ಸ್ವತ್ತಿನ ಕಾವಲನ್ನು ಅವರು ಬರಹಕ್ಕೆ ಒಪ್ಪಿಸಿದ್ದರು.

ಆದರೆ ಬರಹವನ್ನೂ ಕದಿಯಬಹುದು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿಯೇ ಸ್ವಿಫ್ಟ್ ಜಾಲದ ಮೂಲಕ ಹೊರಟ ಖೊಟ್ಟಿ ಆದೇಶಗಳು ನ್ಯೂಯಾರ್ಕಿನ ಖಾತೆಯಿಂದ 8.1 ಕೋಟಿ ಡಾಲರುಗಳನ್ನು ಫಿಲಿಪೈನ್ಸಿಗೆ ಸಾಗಿಸಿದವು. ಕಿತ್ತೂರಿನಲ್ಲಿ ಮುದ್ರೆಯೊತ್ತಿಸಿದವನ ಮುಖವಾದರೂ ಕಂಡಿತ್ತು. ಢಾಕಾದ ಸಿಬ್ಬಂದಿಗೆ ಮೊದಲು ಕಂಡದ್ದು ಕೆಟ್ಟುನಿಂತ ಪ್ರಿಂಟರ್ ಮಾತ್ರ.