ಒಪ್ಪಿಗೆ

'ಒಪ್ಪು' ಅಚ್ಚಗನ್ನಡದ ಧಾತು. ಹೊಂದು, ಚೆನ್ನಾಗಿ ಕಾಣು, ಸಮ್ಮತಿಸು ಎಂಬ ಅರ್ಥಗಳೆಲ್ಲ ಅದರಲ್ಲಿವೆ. ಒಪ್ಪ-ಓರಣ, ಒಪ್ಪಂದ ಇದೇ ಬಳಗದವು. ಶಾಸನಗಳಲ್ಲಿ 'ಒಪ್ಪ' ಎಂದರೆ ರುಜು. ವಿಜಯನಗರದ ತಾಮ್ರಪಟಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ ಕಾಣುವ 'ಶ್ರೀ ವಿರೂಪಾಕ್ಷ' ಅಂಥದೊಂದು ಒಪ್ಪ.

ಆಸ್ಪತ್ರೆಯ 'ಒಪ್ಪಿಗೆ ಪತ್ರ'ದಲ್ಲಿ ಸಮ್ಮತಿ, ರುಜು ಎರಡೂ ಕೂಡಿವೆ. ಮನೋರೋಗದ ಚಿಕಿತ್ಸೆಯಲ್ಲಂತೂ ಬರೀ ರುಜು ಸಾಲದು. ರೋಗಿ ಕುರ್ಚಿಯಲ್ಲಿ ಕೂತಿರುವಾಗಲೇ ಹಾಳೆ ಅಣ್ಣನ ಕಡೆಗೆ ಹೋಗುತ್ತದೆ, 'ಇಲ್ಲಿ ಸೈನ್ ಮಾಡಿ' ಎನ್ನುತ್ತಾರೆ. ಇದು ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಒಪ್ಪಿಗೆ ಎಂದರೆ ಬಲವಂತ, ಬೆದರಿಕೆ, ವಂಚನೆ ಇಲ್ಲದೆ ಪಡೆದದ್ದು. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಹೇಳಿದ ಮೇಲೆ ಪಡೆದದ್ದು. ರೋಗಿಯ ತೀರ್ಮಾನ ಉಳಿದವರಿಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ರೋಗಿಗೆ ನಿರ್ಧರಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ ಎಂದೂ 4ನೇ ಸೆಕ್ಷನ್ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಅತ್ಯಂತ ಮಾನವೀಯ ಮಾತು ಇದು. 'ಮೌನಂ ಸಮ್ಮತಿ ಲಕ್ಷಣಂ' ಎಂಬ ಗಾದೆ ವಾರ್ಡಿನಲ್ಲಿ ನಡೆಯದು.

ಜೀವಕ್ಕೆ ಅಪಾಯವಿದ್ದಾಗ ಒಪ್ಪಿಗೆಯಿಲ್ಲದೆ ದಾಖಲಿಸಲು ಅವಕಾಶವಿದೆ, ಅದಕ್ಕೆ ದಿನಗಳ ಮಿತಿಯೂ ಇದೆ. ಹುಷಾರಾಗಿದ್ದಾಗಲೇ 'ನನಗೆ ಈ ಚಿಕಿತ್ಸೆ ಬೇಕು, ಇದು ಬೇಡ' ಎಂದು ಮುಂಗಡವಾಗಿ ಬರೆದಿಡುವ ಹಕ್ಕನ್ನೂ ಇದೇ ಕಾಯ್ದೆ ಕೊಟ್ಟಿದೆ. ಮನೆಯವರಲ್ಲಿ ಒಂದು ವಿನಂತಿ: ಒಪ್ಪಿಗೆ ಪತ್ರ ನಿಮ್ಮ ಕೈಗೆ ಬಂದರೆ, ಪೆನ್ನು ತೆಗೆಯುವ ಮೊದಲು ಅದನ್ನು ರೋಗಿಗೆ ಓದಿ ಹೇಳಿ.