ಕಾರಿನ ರೇಡಿಯೇಟರ್ ಫ್ಯಾನ್ ತಿರುಗದಿದ್ದರೆ: ದೋಷ ಪತ್ತೆಯ ಕ್ರಮ

ಹುಬ್ಬಳ್ಳಿಯಿಂದ ನವಲಗುಂದದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ, ಇಲ್ಲವೇ ಅಣ್ಣಿಗೇರಿಯ ಮೂಲಕ ಗದಗ ತಲುಪುವ ಹೆದ್ದಾರಿ 67ರಲ್ಲಿ ವೇಗವಾಗಿ ಓಡುವಾಗ ಯಾವ ತೊಂದರೆಯನ್ನೂ ತೋರದ ಕಾರು, ಊರೊಳಗಿನ ಸಂತೆಯ ದಟ್ಟಣೆಯಲ್ಲಿ ಹತ್ತು ನಿಮಿಷ ನಿಂತೊಡನೆ ಕಾದು ಕುದಿಯತೊಡಗುವುದುಂಟು. ಮತ್ತೆ ಹೆದ್ದಾರಿಗೆ ಬಂದರೆ ಉಷ್ಣತೆಯ ಮುಳ್ಳು ತಾನಾಗಿ ಕೆಳಗಿಳಿಯುತ್ತದೆ. ಇದು ರೇಡಿಯೇಟರ್ ಫ್ಯಾನ್ ಕೆಲಸ ಮಾಡುತ್ತಿಲ್ಲವೆಂಬುದರ ಸ್ಪಷ್ಟ ಲಕ್ಷಣ.

ದೋಷವು ಅನೇಕ ಸಲ ಒಂದು ಫ್ಯೂಸ್ ಅಥವಾ ರಿಲೇಯಷ್ಟು ಚಿಕ್ಕದಾಗಿರುತ್ತದೆ. ಆದರೆ ಅದನ್ನು ಕಡೆಗಣಿಸಿ ಗಾಡಿ ಓಡಿಸಿದರೆ ಎಂಜಿನ್ನಿನ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ಎಂಜಿನ್ನನ್ನೇ ಬಿಚ್ಚಬೇಕಾದ ಪರಿಸ್ಥಿತಿ ಒದಗುತ್ತದೆ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ತಾಲೂಕುಗಳ ಹಳ್ಳಿಗಳಿಂದ ಹುಬ್ಬಳ್ಳಿಯ ದೊಡ್ಡ ಗ್ಯಾರೇಜುಗಳು ದೂರವಿರುವುದರಿಂದ, ಪರೀಕ್ಷೆಯ ಕ್ರಮವನ್ನು ವಾಹನ ಮಾಲೀಕರೇ ತಿಳಿದಿರುವುದು ಒಳಿತು.

ಫ್ಯಾನಿನ ಕೆಲಸವೇನು?

ಗಾಡಿ ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿಡುತ್ತದೆ. ಗಾಡಿ ನಿಂತಾಗ, ಅಥವಾ ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿ ಕಲಘಟಗಿಯತ್ತ ಬರುವಾಗ ಲಾರಿಗಳ ಹಿಂದೆ ನಿಧಾನವಾಗಿ ಚಲಿಸುವಾಗ ಆ ಗಾಳಿ ಸಾಲದು. ಆಗ ವಿದ್ಯುತ್ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳಬೇಕು. ಸಾಮಾನ್ಯವಾಗಿ ಕೂಲಂಟ್ 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಫ್ಯಾನ್ ಆರಂಭವಾಗಿ, 90ರ ಆಸುಪಾಸಿಗೆ ಇಳಿದಾಗ ನಿಲ್ಲುತ್ತದೆ.

ಬ್ಯಾಟರಿಯ ವಿದ್ಯುತ್ತು ಫ್ಯೂಸ್ ಮತ್ತು ರಿಲೇಗಳನ್ನು ದಾಟಿ ಫ್ಯಾನಿನ ಮೋಟಾರಿಗೆ ಬಂದು, ಅರ್ಥಿಂಗ್ ತಂತಿಯ ಮೂಲಕ ಹಿಂದಿರುಗುತ್ತದೆ. ಮಾರುತಿ 800ರಂಥ ಹಳೆಯ ಕಾರುಗಳಲ್ಲಿ ಶಾಖಕ್ಕೆ ಸ್ಪಂದಿಸುವ ಥರ್ಮೋ ಸ್ವಿಚ್ ರಿಲೇಗೆ ಆಜ್ಞೆ ನೀಡುತ್ತದೆ. ಈಚಿನ ಕಾರುಗಳಲ್ಲಿ ಉಷ್ಣತೆಯ ಸೆನ್ಸರ್ ನೀಡುವ ಮಾಹಿತಿಯನ್ನು ಆಧರಿಸಿ ಇಸಿಯು ಈ ಕೆಲಸ ಮಾಡುತ್ತದೆ. ಟ್ರ್ಯಾಕ್ಟರ್ ಮತ್ತು ಹಳೆಯ ಜೀಪುಗಳ ಫ್ಯಾನ್ ಬೆಲ್ಟಿನಿಂದ ತಿರುಗುವುದರಿಂದ ಅವುಗಳಿಗೆ ಇಲ್ಲಿನ ವಿದ್ಯುತ್ ಪರೀಕ್ಷೆಗಳು ಅನ್ವಯಿಸುವುದಿಲ್ಲ.

ಎರೆ ಸೀಮೆಯ ವಿಶೇಷ ತೊಂದರೆಗಳು

ಬೇಸಿಗೆಯಲ್ಲಿ ಎರೆಮಣ್ಣಿನ ನುಣುಪು ಧೂಳು ಮೋಟಾರಿನ ಒಳಹೊಕ್ಕು ಕಾರ್ಬನ್ ಬ್ರಷ್‌ಗಳನ್ನು ಬೇಗ ಸವೆಸುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಒಕ್ಕಣೆ ಮಾಡುವುದರಿಂದ ಹೊಟ್ಟು, ಹೆಸರು ಮತ್ತು ಕಡಲೆಯ ಒಣ ಎಲೆ, ಹತ್ತಿಯ ಎಳೆಗಳು ಕಂಡೆನ್ಸರ್ ಹಾಗೂ ರೇಡಿಯೇಟರ್ ನಡುವಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಹೀಗಾದಾಗ ಫ್ಯಾನ್ ತಿರುಗಿದರೂ ಗಾಳಿ ಹಾಯುವುದಿಲ್ಲ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಮತ್ತು ಅದಕ್ಕೆ ಸೇರುವ ಹಳ್ಳಗಳ ನೀರಿನಲ್ಲಿ ಗಾಡಿ ಇಳಿಸಿದರೆ, ತಿರುಗುತ್ತಿರುವ ಫ್ಯಾನಿನ ಎಲೆಗಳು ನೀರಿಗೆ ಬಡಿದು ಬಾಗುವುದು ಅಥವಾ ಮುರಿಯುವುದುಂಟು. ಕನೆಕ್ಟರುಗಳಿಗೆ ಕೆಸರು ಹೊಕ್ಕು ಕಿಲುಬು ಹಿಡಿಯುತ್ತದೆ. ಕಾಳಿನ ಚೀಲಗಳ ಬಳಿ ನಿಲ್ಲಿಸಿದ ಕಾರಿನ ತಂತಿಗಳನ್ನು ಇಲಿಗಳು ಕಡಿಯುವುದು ಇನ್ನೊಂದು ಸಾಮಾನ್ಯ ಕಾರಣ.

ಮುಟ್ಟುವ ಮುನ್ನ ಎಚ್ಚರ

ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಮುಚ್ಚಳವು ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡವನ್ನು ಹಿಡಿದಿಡುತ್ತದೆ. ಈ ಒತ್ತಡದಲ್ಲಿ ನೀರಿನ ಕುದಿಬಿಂದು 100ರಿಂದ ಸುಮಾರು 120 ಡಿಗ್ರಿಗೆ ಏರುತ್ತದೆ. ಮುಚ್ಚಳ ಸಡಿಲಿಸಿದೊಡನೆ ಒತ್ತಡ ಇಳಿದು, ಕುದಿನೀರು ಆವಿಯೊಡನೆ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿದ ಬಳಿಕವೂ ಅನೇಕ ಕಾರುಗಳಲ್ಲಿ ಫ್ಯಾನ್ ಏಕಾಏಕಿ ತಿರುಗಬಹುದು. ಆದ್ದರಿಂದ ಬೆರಳು, ಹೆಗಲ ಮೇಲಿನ ಟವೆಲ್ಲು, ಸೆರಗು ಅದರ ಸಮೀಪ ಹೋಗದಂತೆ ನೋಡಿಕೊಳ್ಳಬೇಕು. ಫ್ಯಾನನ್ನು ಕೈಯಿಂದ ಮುಟ್ಟುವುದಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚತಕ್ಕದ್ದು.

ಪರೀಕ್ಷೆಯ ಕ್ರಮ

1. ಕೂಲಂಟ್ ಮಟ್ಟ: ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಬೇಕು. ಕೂಲಂಟ್ ಕಡಿಮೆಯಾಗಿ ಸೆನ್ಸರಿನ ಸುತ್ತ ಬರೀ ಗಾಳಿ ಅಥವಾ ಆವಿ ಇದ್ದರೆ ಅದು ನಿಜವಾದ ಶಾಖವನ್ನು ಅರಿಯಲಾರದು. ಫ್ಯಾನ್ ಸರಿಯಿದ್ದರೂ ತಿರುಗುವುದಿಲ್ಲ. ಮಟ್ಟ ಇಳಿದಿದ್ದರೆ ಮೊದಲು ಸೋರಿಕೆಯನ್ನು ಹುಡುಕಬೇಕು.

2. ಎಸಿ ಪರೀಕ್ಷೆ: ಎಂಜಿನ್ ಚಾಲೂ ಮಾಡಿ ಎಸಿ ಹಾಕಿದರೆ ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ಒಂದೇ ಫ್ಯಾನ್ ಇರುವ ಕಾರಿನಲ್ಲಿ ಎಸಿಗೆ ತಿರುಗಿ ಶಾಖಕ್ಕೆ ತಿರುಗದಿದ್ದರೆ ಮೋಟಾರ್ ಸರಿಯಿದೆ, ಸೆನ್ಸರ್ ಅಥವಾ ಥರ್ಮೋ ಸ್ವಿಚ್ ಕಡೆಗೆ ಗಮನ ಕೊಡಬೇಕು ಎಂದರ್ಥ. ಎರಡು ಫ್ಯಾನ್ ಇದ್ದರೆ ಎರಡನ್ನೂ ಪ್ರತ್ಯೇಕವಾಗಿ ಗಮನಿಸಬೇಕು.

3. ಫ್ಯೂಸ್: ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿನ ನಕ್ಷೆ ನೋಡಿ ಫ್ಯಾನಿನ ಫ್ಯೂಸ್ ಗುರುತಿಸಬೇಕು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಬೇಕು. ಅದೂ ಸುಟ್ಟರೆ ಮೋಟಾರ್ ಬಿಗಿದಿದೆ ಅಥವಾ ತಂತಿ ಎಲ್ಲೋ ಶಾರ್ಟ್ ಆಗಿದೆ.

4. ರಿಲೇ: ಅದೇ ಪೆಟ್ಟಿಗೆಯಲ್ಲಿ ಅದೇ ಸಂಖ್ಯೆಯ ಬೇರೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದಲುಬದಲು ಮಾಡಿ ನೋಡಬಹುದು. ಆಗ ಫ್ಯಾನ್ ತಿರುಗಿದರೆ ದೋಷ ಸಿಕ್ಕಂತೆಯೇ.

5. ಸೆನ್ಸರ್: ಎರಡು ತಂತಿಗಳ ಥರ್ಮೋ ಸ್ವಿಚ್ ಇರುವ ಹಳೆಯ ಕಾರುಗಳಲ್ಲಿ ಇಗ್ನಿಷನ್ ಚಾಲೂ ಇಟ್ಟು, ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ಎರಡೂ ತಂತಿಗಳನ್ನು ಜೋಡಿಸಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಸ್ವಿಚ್ ಕೆಟ್ಟಿದೆ. ಇಸಿಯು ಇರುವ ಅನೇಕ ಕಾರುಗಳಲ್ಲಿ ಎಂಜಿನ್ ಚಾಲೂ ಇರುವಾಗ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ, ಸುರಕ್ಷತೆಗಾಗಿ ಇಸಿಯು ತಾನೇ ಫ್ಯಾನ್ ಚಾಲೂ ಮಾಡುತ್ತದೆ. ಹಾಗಾದರೆ ಫ್ಯೂಸ್, ರಿಲೇ, ಮೋಟಾರ್ ಮೂರೂ ಸರಿಯಿವೆ. ಸ್ಕ್ಯಾನರ್ ಜೋಡಿಸಿದಾಗ ಬರುವ ಪಿ0480 ಸಂಕೇತವು ಫ್ಯಾನ್ ನಿಯಂತ್ರಣದ ತಂತಿಜಾಲದ ದೋಷವನ್ನೂ, ಪಿ0117 ಮತ್ತು ಪಿ0118 ಸಂಕೇತಗಳು ಸೆನ್ಸರ್ ಭಾಗದ ದೋಷವನ್ನೂ ಸೂಚಿಸುತ್ತವೆ.

6. ಮೋಟಾರ್: ಬ್ಯಾಟರಿ ತಂತಿ ಬಿಚ್ಚಿ ಎಲೆಗಳನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಆ ಬಳಿಕ ಎರಡು ತಂತಿಗಳ ಮೋಟಾರಿಗೆ ಫ್ಯೂಸ್ ಇರುವ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟು ನೋಡಬೇಕು. ತಿರುಗದಿದ್ದರೆ ಮೋಟಾರ್ ಕೆಟ್ಟಿದೆ. ಮೂರು ಅಥವಾ ನಾಲ್ಕು ತಂತಿಗಳಿದ್ದು ವೇಗವನ್ನು ಎಲೆಕ್ಟ್ರಾನಿಕ್ ಮಾಡ್ಯೂಲ್ ನಿಯಂತ್ರಿಸುವ ಕಾರುಗಳಲ್ಲಿ ಈ ಪ್ರಯೋಗ ಸಲ್ಲದು.

7. ಅರ್ಥಿಂಗ್: ನೇರ ವಿದ್ಯುತ್ತಿಗೆ ಮೋಟಾರ್ ತಿರುಗಿ, ಕಾರಿನ ತಂತಿಗೆ ಜೋಡಿಸಿದಾಗ ತಿರುಗದಿದ್ದರೆ ಅರ್ಥಿಂಗ್ ನೋಡಬೇಕು. ಬಾಡಿಗೆ ಬಿಗಿದ ಜಾಗವನ್ನು ಉಜ್ಜಿ ಮಣ್ಣು, ತುಕ್ಕು ತೆಗೆದು ಮತ್ತೆ ಬಿಗಿಯಬೇಕು.

ಎರಡು ವೇಗಗಳ ಫ್ಯಾನ್ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ, ಕಡಿಮೆ ವೇಗದ ರೆಸಿಸ್ಟರ್ ಸುಟ್ಟಿರುವ ಸಂಭವವಿದೆ. ಕೀಲಿ ತೆಗೆದ ಮೇಲೂ ಫ್ಯಾನ್ ನಿಲ್ಲದಿದ್ದರೆ ರಿಲೇ ಅಂಟಿಕೊಂಡಿರಬಹುದು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುತ್ತದೆ. ಮೋಟಾರ್ ಬದಲಿಸಿದ ನಂತರವೂ ಗಾಡಿ ಬಿಸಿಯಾದರೆ ತಂತಿಗಳು ತಿರುವುಮುರುವಾಗಿ ಫ್ಯಾನ್ ಹಿಮ್ಮುಖವಾಗಿ ತಿರುಗುತ್ತಿರಬಹುದು. ಗಾಡಿ ನಿಂತಿದ್ದು ಫ್ಯಾನ್ ಓಡುತ್ತಿರುವಾಗ ಮುಂಭಾಗದ ಜಾಲರಿಗೆ ಕಾಗದ ಹಿಡಿದರೆ ಅದು ಒಳಕ್ಕೆ ಸೆಳೆದುಕೊಳ್ಳಬೇಕು.

ಹೆದ್ದಾರಿಯಲ್ಲಿ ಓಡುವಾಗಲೂ ಮುಳ್ಳು ಏರುತ್ತಿದ್ದರೆ ಅದು ಫ್ಯಾನಿನ ದೋಷವಲ್ಲ. ಆಗ ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ಇವುಗಳನ್ನು ಪರಿಶೀಲಿಸಬೇಕು.

ದಾರಿ ಮಧ್ಯೆ ಬಿಸಿಯಾದರೆ

ಮುಳ್ಳು ಏರತೊಡಗಿದ ಕೂಡಲೇ ಎಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಹಾಕಬೇಕು. ಒಳಗೆ ಕುಳಿತವರಿಗೆ ಸೆಕೆಯಾದರೂ ಎಂಜಿನ್ನಿನ ಶಾಖ ಸ್ವಲ್ಪ ಹೊರಹೋಗುತ್ತದೆ. ಕೆಂಪು ಗೆರೆ ಮುಟ್ಟಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುವ ಅಪಾಯವಿದೆ. ಪೂರ್ತಿ ತಣ್ಣಗಾದ ಬಳಿಕವೇ ಕೂಲಂಟ್ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದು ಫ್ಯಾನ್ ಮಾತ್ರ ಕೆಟ್ಟಿದ್ದರೆ, ತೆರವಾದ ರಸ್ತೆಯಲ್ಲಿ, ಬಿಸಿಲು ಇಳಿದ ಹೊತ್ತಿನಲ್ಲಿ, ಮುಳ್ಳಿನ ಮೇಲೆ ಕಣ್ಣಿಟ್ಟು ಎಲ್ಲಿಯೂ ನಿಲ್ಲದೆ ಗ್ಯಾರೇಜು ತಲುಪಬಹುದು.

ಇವು ಬೇಡ

ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿ ಸುತ್ತಬಾರದು. ಬೆಂಕಿ ಹತ್ತುವ ಸಂಭವವಿದೆ. ಥರ್ಮೋಸ್ಟಾಟ್ ತೆಗೆದುಹಾಕುವುದು ಪರಿಹಾರವಲ್ಲ. ಎಂಜಿನ್ ಕೆಲಸಕ್ಕೆ ತಕ್ಕ ಶಾಖ ತಲುಪದೆ ಇಂಧನ ಹೆಚ್ಚು ಖರ್ಚಾಗುತ್ತದೆ. ಫ್ಯಾನಿಗೆ ಡೈರೆಕ್ಟ್ ಸ್ವಿಚ್ ಹಾಕಿಸುವುದು ತುರ್ತಿಗೆ ಸರಿ. ಅದನ್ನೇ ಕಾಯಂ ಮಾಡಿದರೆ, ಸ್ವಿಚ್ ಹಾಕಲು ಮರೆತ ದಿನವೇ ಎಂಜಿನ್ ಕೆಡುತ್ತದೆ. ನವಲಗುಂದ, ಅಣ್ಣಿಗೇರಿ ಭಾಗದ ಕೊಳವೆಬಾವಿಯ ಸವಳು ನೀರನ್ನು ರೇಡಿಯೇಟರಿಗೆ ಹಾಕಿದರೆ ಕೊಳವೆಗಳಲ್ಲಿ ಉಪ್ಪು ಗಟ್ಟುತ್ತದೆ. ಅನಿವಾರ್ಯವಾಗಿ ಹಾಕಿದ್ದರೆ ಆದಷ್ಟು ಬೇಗ ಅದನ್ನು ತೆಗೆಸಿ, ಕಂಪನಿ ಸೂಚಿಸಿದ ಕೂಲಂಟ್ ತುಂಬಿಸಬೇಕು.

ಸುಗ್ಗಿ ಮುಗಿದ ಮೇಲೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ರೇಡಿಯೇಟರನ್ನು ಸಾಧಾರಣ ಒತ್ತಡದ ನೀರಿನಿಂದ ಎಂಜಿನ್ ಕಡೆಯಿಂದ ಹೊರಮುಖವಾಗಿ ತೊಳೆಸುವುದು ಉತ್ತಮ. ಜೋರಾದ ಪ್ರೆಷರ್ ಪಂಪ್ ಹಿಡಿದರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಎಸಿ ಹಾಕಿ ಫ್ಯಾನ್ ತಿರುಗುವುದನ್ನು ಖಚಿತಪಡಿಸಿಕೊಳ್ಳಲು ಎರಡು ನಿಮಿಷ ಸಾಕು. ಸರಿಯಾದ ಆಂಪಿಯರಿನ ಎರಡು ಫ್ಯೂಸ್ ಮತ್ತು ಒಂದು ರಿಲೇ ಕಾರಿನಲ್ಲಿದ್ದರೆ ಅನೇಕ ಸಂದರ್ಭಗಳಲ್ಲಿ ಟೋಯಿಂಗ್ ಖರ್ಚು ಉಳಿಯುತ್ತದೆ.