ಪರಸ್ಥಳದ ರಾತ್ರಿಗೆ ಯಾರು ದಿಕ್ಕು?

ಶಿಕಾರಿಪುರದಲ್ಲೋ ಸೊರಬದಲ್ಲೋ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಒಬ್ಬರಿಗೆ ಹೈಕೋರ್ಟಿನಲ್ಲಿ ಕೇಸು, ಇನ್ನೊಬ್ಬರಿಗೆ ಇಲಾಖೆಯ ತರಬೇತಿ, ಮತ್ತೊಬ್ಬ ಹುಡುಗಿಗೆ ಕಂಪನಿಯ ಸಂದರ್ಶನ. ಕೆಲಸ ಒಂದು ದಿನದ್ದು, ಹೆಚ್ಚೆಂದರೆ ಎರಡು ದಿನದ್ದು. ಮನೆಯವರು ಹೇಳಿ ಕಳಿಸುವ ಮಾತು ಮಾತ್ರ ತಲೆಮಾರುಗಳಿಂದ ಅದೇ: ದುಡ್ಡನ್ನೆಲ್ಲ ಒಂದೇ ಕಡೆ ಇಡಬೇಡ, ಗುರುತಿಲ್ಲದವರು ಕೊಟ್ಟದ್ದು ತಿನ್ನಬೇಡ, ತಲುಪಿದ ಕೂಡಲೇ ತಿಳಿಸು.

ಈ ಬುದ್ಧಿಮಾತುಗಳೆಲ್ಲ ಪ್ರಯಾಣ ಹೊರಟವರ ಎಚ್ಚರಿಕೆಗೆ ಸಂಬಂಧಿಸಿದವು. ಆದರೆ ಗುರುತಿಲ್ಲದ ಊರಿನಲ್ಲಿ ಒಂದು ರಾತ್ರಿ ಸುರಕ್ಷಿತವಾಗಿ ಕಳೆಯಲು ಹೊರಟವರ ಎಚ್ಚರ ಒಂದೇ ಸಾಲದು. ಹೋದ ಊರಿನಲ್ಲಿ ಯಾರಾದರೊಬ್ಬರು ಜವಾಬ್ದಾರಿ ಹೊರಬೇಕು. ಇದು ಹೊಸ ವಿಚಾರವಲ್ಲ. ಇದೇ ಎರಡು ತಾಲ್ಲೂಕುಗಳ ಕಲ್ಲುಗಳ ಮೇಲೆ ಈ ಪ್ರಶ್ನೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಾನಾ ರೂಪದಲ್ಲಿ ಬರೆದುಕೊಂಡು ಬಂದಿದೆ.

ಕಂಚಿಯಲ್ಲಿ ನಡೆದ ಜಗಳ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಅದರ ಮೇಲಿನ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜ ಎಂಬ ಕವಿ; ಕಾಲ ಕದಂಬ ಶಾಂತಿವರ್ಮನದು, ಅಂದರೆ 5ನೇ ಶತಮಾನ. ಕನ್ನಡ ನಾಡಿನ ಮೊದಲ ರಾಜವಂಶವೆಂದು ನಾವು ಕರೆಯುವ ಕದಂಬರ ಹುಟ್ಟಿನ ಕತೆ ಅದರಲ್ಲಿದೆ. ಆ ಕತೆ ಆರಂಭವಾಗುವುದೇ ಪರಸ್ಥಳದಲ್ಲಿ ಆದ ಒಂದು ಕೆಟ್ಟ ಅನುಭವದಿಂದ.

ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋದ. ಅಲ್ಲಿನ ಘಟಿಕೆಯಲ್ಲಿ ಓದುವುದು ಉದ್ದೇಶ. ಅಲ್ಲಿ ಪಲ್ಲವರ 'ಅಶ್ವಸಂಸ್ಥ'ನೊಡನೆ ಜಗಳವಾಯಿತು ಎನ್ನುತ್ತದೆ ಶಾಸನ. ಈ ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಕುದುರೆ ಸವಾರ ಎಂಬುದು ಹೆಚ್ಚು ಪ್ರಚಲಿತವಾದ ಅರ್ಥ. ಅಧಿಕಾರಸ್ಥನೊಬ್ಬ ಬೀದಿಯಲ್ಲಿ ಅವಮಾನಿಸಿದಾಗ ಹೊರಗಿನಿಂದ ಬಂದ ವಿದ್ಯಾರ್ಥಿಗೆ ದೂರು ಹೇಳಿಕೊಳ್ಳಲು ದಿಕ್ಕಿರಲಿಲ್ಲ. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಮಯೂರಶರ್ಮ ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ ಕಡೆಯ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದ. ಕೊನೆಗೆ ಪಲ್ಲವರೇ ರಾಜಿಗೆ ಬಂದು ಅವನಿಗೆ ರಾಜ್ಯ ಬಿಟ್ಟುಕೊಟ್ಟರು.

ಇದನ್ನು ನಾವು ಸ್ವಾಭಿಮಾನದ ಕತೆಯಾಗಿ ಓದುತ್ತೇವೆ, ಅದು ಸರಿಯೇ. ಆದರೆ ಇನ್ನೊಂದು ಮಗ್ಗುಲೂ ಇದೆ. ಪರಸ್ಥಳದಲ್ಲಿ ರಕ್ಷಣೆ ಸಿಗದವನು ಕಾಡು ಸೇರಿ, ಅದೇ ದಾರಿಯಲ್ಲಿ ಓಡಾಡುವ ಇತರರಿಗೆ ಅಂಜಿಕೆಯಾದ. ಅತಿಥಿಯನ್ನು ಕಾಪಾಡಲಾಗದ ರಾಜಧಾನಿ ತನ್ನ ರಸ್ತೆಯನ್ನೂ ಕಾಪಾಡಲಾರದೆ ಹೋಯಿತು.

ಗುಂಪು ಕಟ್ಟಿ ಹೊರಟವರು

ಆರು ನೂರು ವರ್ಷ ಕಳೆದ ಮೇಲೆ, ತಾಳಗುಂದಕ್ಕೆ ಹತ್ತಿರದಲ್ಲೇ ಇರುವ ಬಳ್ಳಿಗಾವಿ ದೊಡ್ಡ ಪಟ್ಟಣವಾಗಿ ಬೆಳೆದಿತ್ತು. ಈಗ ಶಿರಾಳಕೊಪ್ಪದ ಪಕ್ಕದ ಸಣ್ಣ ಹಳ್ಳಿಯಾಗಿರುವ ಇದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಪ್ರಾಂತ್ಯದ ಮುಖ್ಯ ನಗರ. ಶೈವ, ವೈಷ್ಣವ, ಜೈನ ಗುಡಿಗಳ ಜೊತೆಗೆ 11ನೇ ಶತಮಾನದಲ್ಲಿ ಇಲ್ಲೊಂದು ಬೌದ್ಧ ವಿಹಾರವೂ ಇತ್ತು. ಇಂಥ ಊರಿಗೆ ದಿನವೂ ಹೊಸಬರು ಬರುತ್ತಿದ್ದುದು ಸಹಜ.

ಬಂದವರಲ್ಲಿ ಪ್ರಮುಖರು ಅಯ್ಯಾವೊಳೆ ಐನೂರ್ವರು ಎಂಬ ವ್ಯಾಪಾರಿ ಸಂಘದವರು. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಈ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿತ್ತು. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ದೇಶ ತಿರುಗಿ, ಆನೆ, ಕುದುರೆ, ರತ್ನ, ಕರ್ಪೂರ, ಏಲಕ್ಕಿ, ಶ್ರೀಗಂಧ ಮಾರುವವರು ತಾವೆಂದು ಅವರು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಈ ಹೊಗಳಿಕೆಯಲ್ಲಿ ಸರಕಿನ ಪಟ್ಟಿಯಷ್ಟೇ ಶೌರ್ಯದ ಮಾತೂ ಇರುವುದು ಗಮನಾರ್ಹ. ಕಾರಣ ಸ್ಪಷ್ಟ. ಬೆಲೆಬಾಳುವ ಸರಕು ಹೇರಿಕೊಂಡು ಕಾಡುದಾರಿಯಲ್ಲಿ ನಡೆಯುವವನು ತನ್ನನ್ನು ತಾನೇ ಕಾಯ್ದುಕೊಳ್ಳಬೇಕಿತ್ತು. ಅವರು ಒಬ್ಬೊಬ್ಬರಾಗಿ ಹೊರಡುತ್ತಿರಲಿಲ್ಲ; ಆಯುಧ ಹಿಡಿದವರು ಜೊತೆಗಿರುತ್ತಿದ್ದರು. ಹೋದ ಊರಿನಲ್ಲಿ ಅವರ ಸಂಘದವರೇ ಇರುತ್ತಿದ್ದರು, ಸಂಘದ ಕಟ್ಟಳೆಗಳೂ ಇರುತ್ತಿದ್ದವು. ಒಬ್ಬ ಸದಸ್ಯನಿಗೆ ಆದ ತೊಂದರೆ ಸಂಘಕ್ಕೇ ಆದ ತೊಂದರೆ.

ದಾರಿ ಎಷ್ಟು ಅಪಾಯದ್ದಾಗಿತ್ತು ಎಂಬುದಕ್ಕೆ ಸೊರಬ ತಾಲ್ಲೂಕಿನ ವೀರಗಲ್ಲುಗಳೇ ಸಾಕ್ಷಿ. ಊರ ಗುಡಿಯ ಪಕ್ಕ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಇವು ನಿಂತಿವೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು, ಹೆಂಗಸರ ಮಾನಕ್ಕೆ ಕೈ ಹಾಕಿದವರನ್ನು, ಕಳ್ಳರನ್ನು ಎದುರಿಸಿ ಸತ್ತವರ ನೆನಪಿಗೆ ಊರವರು ನಿಲ್ಲಿಸಿದ ಕಲ್ಲುಗಳಿವು. ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಎರಡು ಸಂಪುಟಗಳಲ್ಲಿ ಪ್ರಕಟಿಸಿದಾಗ ಇಂಥ ನೂರಾರು ಸಾವುಗಳು ದಾಖಲೆಗೆ ಬಂದವು.

ಕೋಡಿಯ ಮಠದ ಅಭಯ

ಸಂಘವಿಲ್ಲದ, ಕತ್ತಿಯಿಲ್ಲದ, ಕೈಯಲ್ಲಿ ಕಾಸೂ ಇಲ್ಲದ ಪ್ರಯಾಣಿಕನ ಪಾಡೇನು? ಇದಕ್ಕೆ ಉತ್ತರ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಲ್ಲಿದೆ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಇಲ್ಲಿನ ಕಾಳಾಮುಖ ಶೈವರ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠದ ಚಟುವಟಿಕೆಗಳನ್ನು ಉದ್ದಕ್ಕೆ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ಅಲ್ಲಿ ನಡೆಯುತ್ತಿತ್ತು ಎಂಬುದು ಇತಿಹಾಸ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ಅದರ ಮುಂದಿನ ಭಾಗ ಅಷ್ಟು ಪ್ರಚಾರ ಪಡೆದಿಲ್ಲ.

ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಊಟವಿತ್ತು. ಊರೂರು ತಿರುಗಿ ಹೊಟ್ಟೆ ಹೊರೆಯುವ ಕತೆಗಾರರು, ಹಾಡುಗಾರರು, ವಾದ್ಯಗಾರರು, ನಟರು, ನರ್ತಕರಿಗೂ ಊಟವಿತ್ತು. ಶೈವರಲ್ಲದ ಜೈನ ಸನ್ಯಾಸಿಗಳಿಗೂ ಬಾಗಿಲು ತೆರೆದಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯ ವ್ಯವಸ್ಥೆ ಇತ್ತು. ಎಲ್ಲಕ್ಕೂ ಕೊನೆಗೆ, ಇದು ಸಕಲ ಜೀವಿಗಳಿಗೂ ಅಭಯ ಸಿಗುವ ಜಾಗ ಎಂದು ಶಾಸನ ಮಠವನ್ನು ಬಣ್ಣಿಸುತ್ತದೆ.

ಅಭಯ ಎಂಬ ಪದವನ್ನು ನಾವು ಈಗ ದೇವರ ಹಸ್ತಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಆದರೆ ಈ ಶಾಸನದಲ್ಲಿ ಅದರ ಹಿಂದೆ ಅಡುಗೆಮನೆ ಇದೆ, ಔಷಧಿ ಇದೆ, ಇವಕ್ಕೆ ಖರ್ಚು ಒದಗಿಸಲು ಕೊಟ್ಟ ದತ್ತಿ ಇದೆ. ಹೆದರಬೇಡ ಎಂದು ಬಾಯಲ್ಲಿ ಹೇಳುವುದಕ್ಕೂ ಹೆದರಿಕೆಗೆ ಕಾರಣ ಇಲ್ಲದಂತೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇದು.

ಅದೇ ಶತಮಾನದಲ್ಲಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳೆಂದು ಪರಂಪರೆ ಹೇಳುತ್ತದೆ. ಹಸಿವಿಗೆ, ಬಾಯಾರಿಕೆಗೆ, ಮಲಗುವುದಕ್ಕೆ ಏನು ಆಧಾರ ಎಂಬ ಲೆಕ್ಕವೇ ಆಕೆಯ ಪ್ರಸಿದ್ಧ ವಚನವೊಂದರ ವಿಷಯ. ಆಕೆಯ ವೈರಾಗ್ಯ ದೊಡ್ಡದು, ನಿಜ. ಒಂಟಿ ಹೆಣ್ಣುಮಗಳಿಗೆ ಒಂದು ತುತ್ತು ಅನ್ನ ಹಾಕುವ ಮನೆಗಳು, ನೀರು ಸಿಗುವ ಕೆರೆ ಬಾವಿಗಳು ದಾರಿಯುದ್ದಕ್ಕೂ ಇದ್ದವು ಎಂಬುದೂ ಅಷ್ಟೇ ನಿಜ.

ಬಿಸಿನೀರು ತಂದ ಆಪತ್ತು

16ನೇ ಶತಮಾನದಿಂದ ಈ ಸೀಮೆ ಕೆಳದಿ ಅರಸರ ಆಳ್ವಿಕೆಗೆ ಬಂತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರ ಕೈಗೆ ಸಿಗದಂತೆ ಪನ್ಹಾಳದಿಂದ ತಮಿಳುನಾಡಿನ ಜಿಂಜಿಗೆ ಹೊರಟಾಗ ದಾರಿ ಬಿಟ್ಟುಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಇದಕ್ಕಾಗಿ ಔರಂಗಜೇಬನ ಸೈನ್ಯವನ್ನೂ ಆಕೆ ಎದುರಿಸಬೇಕಾಯಿತು. ಅಪರಿಚಿತನಿಗೆ ಅಭಯ ಕೊಡುವುದು ಕೆಲವೊಮ್ಮೆ ಇಷ್ಟು ದುಬಾರಿ.

ಮುಂದೆ ಬೆಂಗಳೂರಿನಲ್ಲಿ ನಡೆದ ಘಟನೆಯೊಂದನ್ನು ಮರಾಠಿ ಬಖರುಗಳು ಹೇಳುತ್ತವೆ. ರಾಜಾರಾಮನ ಗುಂಪು ವೇಷ ಮರೆಸಿಕೊಂಡು ಛತ್ರದಲ್ಲಿ ಇಳಿದಿತ್ತು. ಸಾಮಾನ್ಯನಂತೆ ಕಾಣುವ ಒಬ್ಬನ ಕಾಲನ್ನು ಇತರರು ನೀರು ಹಾಕಿ ತೊಳೆಯುತ್ತಿದ್ದುದು ನೋಡಿದವರಿಗೆ ಅನುಮಾನ ಬಂತು. ಸುದ್ದಿ ಮೊಗಲ್ ಅಧಿಕಾರಿಗೆ ಹೋಯಿತು. ರಾಜಾರಾಮ ತಪ್ಪಿಸಿಕೊಂಡ, ಹಿಂದೆ ಉಳಿದ ಸಂಗಡಿಗರು ಚಿತ್ರಹಿಂಸೆ ಅನುಭವಿಸಿದರು. ಪರಸ್ಥಳದಲ್ಲಿ ದೊಡ್ಡಸ್ತಿಕೆ ತೋರಿಸಬಾರದು ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ತಂತಿ ಕಳ್ಳರು

ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿಯನ್ನು ಬ್ರಿಟಿಷರು ಬಂಧಿಸಿದರು. ಉತ್ತರದಲ್ಲಿ ಥಗ್ಗರೆಂದು ಹೆಸರಾದವರನ್ನು ದಕ್ಷಿಣದಲ್ಲಿ ಫಾಂಸಿಗಾರರು ಎನ್ನುತ್ತಿದ್ದರು. ಮದರಾಸಿನ ವೈದ್ಯ ರಿಚರ್ಡ್ ಶೇರ್‌ವುಡ್ 1816ರಲ್ಲಿ ಬರೆದ ಲೇಖನದಲ್ಲಿ ಇವರ ಕನ್ನಡದ ಹೆಸರೂ ಇದೆ: ತಂತಿ ಕಳ್ಳರು. ಕುಣಿಕೆ ಬಿಗಿದು ಕೊಲ್ಲುವವರು ಎಂದು ಅರ್ಥ.

ಇವರ ಸಂಖ್ಯೆಯನ್ನೂ ಸಂಘಟನೆಯನ್ನೂ ಬ್ರಿಟಿಷ್ ಅಧಿಕಾರಿಗಳು ಉತ್ಪ್ರೇಕ್ಷಿಸಿದರು ಎಂದು ಇತ್ತೀಚಿನ ಇತಿಹಾಸಕಾರರು ವಾದಿಸುತ್ತಾರೆ. ಆದರೆ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುವ ವಿಧಾನ ಒಂದೇ. ದಾರಿಯಲ್ಲಿ ಪರಿಚಯ ಮಾಡಿಕೊಳ್ಳುವುದು, ನಾವೂ ಅತ್ತಲೇ ಹೊರಟವರು ಎನ್ನುವುದು, ಕಳ್ಳರ ಭಯವಿದೆ ಜೊತೆಯಾಗಿ ಹೋಗೋಣ ಎನ್ನುವುದು. ಅಪಾಯ ಬಂದದ್ದು ಪೊದೆಯ ಹಿಂದಿನಿಂದಲ್ಲ, ಸವಿಮಾತಿನಿಂದ. ಇಂದು ಬಸ್ ನಿಲ್ದಾಣದಲ್ಲಿ ನಿಮ್ಮ ಕೈಚೀಲವನ್ನು ತಾನೇ ಎತ್ತಿಕೊಂಡು, ಕಡಿಮೆ ಬಾಡಿಗೆಯ ರೂಮು ಗೊತ್ತಿದೆ ಬನ್ನಿ ಎನ್ನುವವನ ಮಾತಿನ ಧಾಟಿಯೂ ಇದೇ.

ಬಾಗಿಲು ತೆರೆಯದ ಛತ್ರಗಳು

ಹಿಂದಿನ ಕಾಲ ಎಲ್ಲರಿಗೂ ಆಸರೆ ಕೊಟ್ಟಿತು ಎಂದು ಮಾತ್ರ ಭಾವಿಸಬಾರದು. 14ನೇ ಶತಮಾನದಲ್ಲಿ ಘಟ್ಟದ ಕೆಳಗೆ ಹೊನ್ನಾವರದ ಮಾರ್ಗವಾಗಿ ಓಡಾಡಿದ ಇಬ್ನ್ ಬತೂತ ಕರಾವಳಿಯ ದಾರಿಯನ್ನು ಬಹಳ ಸುರಕ್ಷಿತವೆಂದು ಹೊಗಳಿದ್ದಾನೆ. ಅರ್ಧ ಮೈಲಿಗೊಂದು ತಂಗುಮನೆ, ಬಾವಿ, ನೀರು ಕೊಡುವವನು ಇದ್ದನಂತೆ. ಆದರೆ ಮುಸಲ್ಮಾನರಿಗೆ ಪಾತ್ರೆ ಕೊಡದೆ ಕೈಗೆ ನೀರು ಹೊಯ್ಯುತ್ತಿದ್ದರು ಎಂದೂ ಅವನೇ ಬರೆದಿದ್ದಾನೆ. ಅನೇಕ ಛತ್ರಗಳು ಜಾತಿ ಕೇಳಿ ಜಾಗ ಕೊಡುತ್ತಿದ್ದವು.

ಈ ಅನ್ಯಾಯದ ಅತ್ಯಂತ ಕಹಿಯಾದ ದಾಖಲೆ ಡಾ. ಬಿ.ಆರ್. ಅಂಬೇಡ್ಕರ್ ಅವರದು. 1917ರಲ್ಲಿ ವಿದೇಶದ ವಿದ್ಯಾಭ್ಯಾಸದಿಂದ ಮರಳಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದ ಅವರಿಗೆ ಆ ನಗರದಲ್ಲಿ ತಂಗಲು ಜಾಗ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಗುರುತು ಬಯಲಾದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿನಲ್ಲಿ ಅವರು ಮುಂಬೈಗೆ ಹಿಂದಿರುಗಿದರು. ಅವರ ಎಚ್ಚರಿಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಊರಿನಲ್ಲಿ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ಮೇಲೆ ಯಾರಿಗೂ ಹೋಟೆಲು, ಬಾವಿ, ಕೆರೆಗಳ ಪ್ರವೇಶ ನಿರಾಕರಿಸಬಾರದೆಂದು ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರಿಸಿಯೇ ಉಲ್ಲೇಖಿಸಿತು. ಪ್ರಯಾಣಿಕನ ಅಭಯ ಅಲ್ಲಿಗೆ ದಾನಿಯ ಔದಾರ್ಯವಾಗಿ ಉಳಿಯದೆ ನಾಗರಿಕನ ಹಕ್ಕಾಯಿತು.

ಇಂದಿನವರಿಗೆ

ಇಷ್ಟು ಇತಿಹಾಸದಿಂದ ಒಂದು ದಿನದ ಕೆಲಸಕ್ಕೆ ಹೊರಡುವವರು ತೆಗೆದುಕೊಳ್ಳಬಹುದಾದದ್ದು ಏನು? ವ್ಯಾಪಾರಿ ಸಂಘದ ಪಾಠ: ಹೋಗುವ ಊರಿನ ಒಬ್ಬರ ವಿಳಾಸ, ದೂರವಾಣಿ ಸಂಖ್ಯೆ ಕಾಗದದ ಮೇಲೂ ಬರೆದಿರಲಿ, ಮೊಬೈಲು ಕಳೆದರೆ ಕಾಗದ ಉಳಿಯುತ್ತದೆ. ಯಾವ ಬಸ್ಸು, ಯಾವ ಲಾಡ್ಜು, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದು ಮನೆಯಲ್ಲೂ ಕಚೇರಿಯಲ್ಲೂ ಒಬ್ಬೊಬ್ಬರಿಗೆ ಗೊತ್ತಿರಲಿ. ರಾಜಾರಾಮನ ಪಾಠ: ಒಡವೆ, ಹಣ, ಹುದ್ದೆ ಬೀದಿಯಲ್ಲಿ ಪ್ರದರ್ಶನವಾಗುವುದು ಬೇಡ. ತಂತಿ ಕಳ್ಳರ ಪಾಠ: ತಾನಾಗಿ ಬಂದ ಸಹಾಯಕ್ಕಿಂತ ನಾವಾಗಿ ಕೇಳಿ ಪಡೆದ ಸಹಾಯ ವಾಸಿ. ಸಮವಸ್ತ್ರದ ಕಂಡಕ್ಟರನ್ನೋ ಅಂಗಡಿಯವರನ್ನೋ ನಾವೇ ಆರಿಸಿ ಕೇಳಬೇಕು. ರೂಮನ್ನು ಸಾಧ್ಯವಾದಷ್ಟು ಮೊದಲೇ ಗೊತ್ತು ಮಾಡಿ, ಬೆಳಕಿರುವಾಗಲೇ ಊರು ತಲುಪುವುದು ಒಳ್ಳೆಯದು. ತೊಂದರೆಯಾದರೆ 112ಕ್ಕೆ ಕರೆ ಮಾಡಬಹುದು.

ಕೋಡಿಯ ಮಠದ ಪಾಠ ಮಾತ್ರ ಪ್ರಯಾಣಿಕರಿಗಲ್ಲ, ಊರಿಗೆ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಹೊಸಬರಾದಂತೆ, ಬೇರೆ ಊರಿನವರು ನಮ್ಮಲ್ಲಿ ಹೊಸಬರು. ಪರೀಕ್ಷೆಯ ಮೇಲ್ವಿಚಾರಣೆಗೆ ಬಂದ ಶಿಕ್ಷಕಿ, ಲೆಕ್ಕ ತಪಾಸಣೆಗೆ ಬಂದ ಗುಮಾಸ್ತ, ಔಷಧಿ ಕಂಪನಿಯ ಪ್ರತಿನಿಧಿ ಇವರೆಲ್ಲ ಶಿಕಾರಿಪುರದಲ್ಲೂ ಸೊರಬದಲ್ಲೂ ಒಂದು ರಾತ್ರಿ ತಂಗಬೇಕಾದವರು. ತಡರಾತ್ರಿ ಇಳಿದವರಿಗೆ ನಿಲ್ದಾಣದಲ್ಲಿ ದೀಪ, ಶುಚಿಯಾದ ಶೌಚಾಲಯ, ಜಾತಿ ಕೇಳದ ರೂಮು, ಒಂಟಿ ಹೆಣ್ಣುಮಗಳನ್ನು ಕಂಡು ಹುಬ್ಬೇರಿಸದ ಲಾಡ್ಜಿನ ಗುಮಾಸ್ತ ಇದ್ದಾರೆಯೇ? 1162ರಲ್ಲಿ ಈ ಸೀಮೆಯ ಒಂದು ಮಠ ತಾನು ಅಭಯದ ಜಾಗ ಎಂದು ಕಲ್ಲಿನಲ್ಲಿ ಬರೆಸಿಕೊಂಡಿತು. ಅದೇ ಮಾತನ್ನು ನಮ್ಮ ಬಸ್ ನಿಲ್ದಾಣದ ಗೋಡೆಯ ಮೇಲೆ ಧೈರ್ಯವಾಗಿ ಬರೆಸಬಹುದೇ ಎಂದು ಎರಡೂ ಊರಿನವರು ಒಮ್ಮೆ ಕೇಳಿಕೊಳ್ಳಬೇಕು.